ಮಾವಿಸ್ ಆಯಿಲ್ ಕುಡಿಯುವುದಿಲ್ಲ

ಫೆಬ್ರವರಿ 4, ಭಾನುವಾರ

ನನ್ನ ಹೆಂಡತಿ ಗ್ಲೆನಿಸ್ ಇವತ್ತು ಬೆಳಿಗ್ಗೆ ವೈಯಾಲಾಕ್ಕೆ, ತನ್ನ ತಂಗಿಯ ಮನೆಗೆ ಹೋದಳು. ತಂಗಿಗೆ ಹೊಸ ಮಂಡಿ ಹಾಕಿದ್ದಾರಂತೆ. ನಾಲ್ಕು ವಾರ ಬರುವುದಿಲ್ಲ. ಹೊರಡುವಾಗ ಶೆಡ್ಡಿನ ಬಾಗಿಲಲ್ಲಿ ನಿಂತು ಏನೋ ಹೇಳಿದಳು. ನಾನು ಮಾವಿಸ್ಸಿನ ಚೈನು ಒರೆಸುತ್ತಿದ್ದೆ, ಕೇಳಿಸಲಿಲ್ಲ. ಫ್ರಿಜ್ಜಿನ ವಿಷಯ ಇರಬೇಕು.

ಮಾವಿಸ್ ಅಂದರೆ ನನ್ನ ಬೈಕು. ಡೈರಿಗೆ ಇದು ಗೊತ್ತಿಲ್ಲದ್ದೇನಲ್ಲ, ಆದರೂ ಇಂಥ ವರ್ಷದಲ್ಲಿ ಒಮ್ಮೆ ವಿಧಿವತ್ತಾಗಿ ದಾಖಲಿಸುವುದು ಲೇಸು. ನಲವತ್ತೊಂದು ವರ್ಷದ ಜಪಾನಿ ಗಾಡಿ, ನಾಲ್ಕು ಸಿಲಿಂಡರು. ದೊಡ್ಡಮ್ಮನ ಹೆಸರಿಟ್ಟೆ. ದೊಡ್ಡಮ್ಮನೂ ಹೀಗೇ: ಮೈ ಭಾರ, ಬೆಳಿಗ್ಗೆ ಏಳುವುದು ಕಷ್ಟ, ಎದ್ದು ಬಾಯಿ ಬಿಟ್ಟ ಮೇಲೆ ನಿಲ್ಲಿಸುವುದು ಇನ್ನೂ ಕಷ್ಟ. ಮೀಟರಿನಲ್ಲಿ ಐದೇ ಅಂಕಿ. ಲಕ್ಷ ಕಿಲೋಮೀಟರಿಗೊಮ್ಮೆ ಎಲ್ಲ ಸೊನ್ನೆಯಾಗಿ ಮಾವಿಸ್ ಹೊಸದಾಗಿ ಹುಟ್ಟುತ್ತಾಳೆ. ಈಗಾಗಲೇ ನಾಲ್ಕು ಸಲ ಹುಟ್ಟಿದ್ದಾಳೆ. ಇವತ್ತು ಮೀಟರು 98,870. ಈಸ್ಟರಿಗೆ ಸರಿಯಾಗಿ ಐದು ಲಕ್ಷ.

ಅದೂ ಎಂಥ ಐದು ಲಕ್ಷ! ಒಮ್ಮೆಯೂ ಎಂಜಿನ್ ಬಿಚ್ಚದೆ. ನಮ್ಮೂರು ಮೂಂಟಾದ 'ಬಿಚ್ಚದವರ ಸಂಘ'ದಲ್ಲಿ ಬರೇ ಓಡಿಸಿದವನಿಗೆ ಬೆಲೆಯಿಲ್ಲ. ಸಂಘ ಸೇರಿದ ದಿನ ಅಧ್ಯಕ್ಷೆ ಮಿಸೆಸ್ ಪೆನ್ರೋಸ್ ಬಂದು ಎಂಜಿನ್ನಿನ ಹೊಟ್ಟೆಯ ಬೋಲ್ಟುಗಳ ಮೇಲೆ ತಮ್ಮ ಹವಳದ ಬಣ್ಣದ ನೇಲ್ ಪಾಲಿಶ್ ಒಂದೊಂದು ಬೊಟ್ಟು ಇಡುತ್ತಾರೆ. ಅದೇ ಮುದ್ರೆ. ಬೋಲ್ಟು ತಿರುಗಿಸಿದರೆ ಬೊಟ್ಟು ಒಡೆಯುತ್ತದೆ. ಆ ಬಣ್ಣ ಈಗ ಅಂಗಡಿಯಲ್ಲಿಲ್ಲ. ಕಡೈನಾದ ಅಂಗಡಿಯೊಂದು ಮುಚ್ಚುವಾಗ ಅವರು ಇಡೀ ಪೆಟ್ಟಿಗೆ ಕೊಂಡಿಟ್ಟುಕೊಂಡಿದ್ದಾರೆ. ಐದು ಲಕ್ಷ ತಲುಪಿದವನ ಮುದ್ರೆಯನ್ನು ಅವರೇ ಪರೀಕ್ಷಿಸಿ, ಸರಿಯಿದ್ದರೆ ಪಬ್ಬಿನ ಹಿಂಕೋಣೆಯ ಹಲಗೆಯ ಮೇಲೆ ಹೆಸರು ಬರೆಸುತ್ತಾರೆ. ಇವತ್ತಿನವರೆಗೆ ಎರಡೇ ಹೆಸರು, ಇಬ್ಬರೂ ಸತ್ತಿದ್ದಾರೆ. ಮುದ್ರೆ ಒಡೆದವನು ಟಾಯ್ಲೆಟ್ ಪಕ್ಕದ ಮೇಜಿಗೆ. ಇನ್ನೊಬ್ಬನ ಮುದ್ರೆಯನ್ನು ಕದ್ದು ಒಡೆದವನು ಸಂಘದಿಂದಲೇ ಹೊರಗೆ. ಹಾಗೆ ಯಾರೂ ಮಾಡಿಲ್ಲ. ಮನುಷ್ಯರಾದವರು ಮಾಡುವುದಿಲ್ಲ.

ಆಯಿಲ್: ಮೇಲಿನ ಗೆರೆಗೆ ಸರಿಯಾಗಿ. ಎಂದಿನಂತೆ. ಈ ವಯಸ್ಸಿನ ಎಂಜಿನ್‌ಗಳೆಲ್ಲ ಆಯಿಲ್ ಕುಡಿಯುತ್ತವೆ. ಮಾವಿಸ್ ಕುಡಿಯುವುದಿಲ್ಲ.

ಫೆಬ್ರವರಿ 8, ಗುರುವಾರ

ಒಬ್ಬನೇ ಅಡುಗೆ ಮಾಡಿಕೊಳ್ಳುವವನ ಕಷ್ಟ ದೇವರಿಗೇ ಗೊತ್ತು. ಮೀನು, ಆಲೂಗಡ್ಡೆ ಕರಿದದ್ದು ತಂದೆ. ವಿನೆಗರ್ ಮುಗಿದಿತ್ತು. ಬಟ್ಟೆ ಒಗೆಯುವ ಕೋಣೆಯಲ್ಲಿ, ಸೋಪಿನ ಹಿಂದೆ, ವಿನೆಗರಿನ ಇನ್ನೊಂದು ಬಾಟಲಿ ಸಿಕ್ಕಿತು. ಧಾರಾಳವಾಗಿ ಸುರಿದುಕೊಂಡೆ. ಮೊದಲ ತುತ್ತಿಗೇ ನಾಲಗೆ ಹೇಳಿತು: ಇದು ಮಾವಿಸ್ಸಿಗೆ ಹಾಕುವ ದಪ್ಪ ಆಯಿಲ್, ಹೊಸದು, ಒಳ್ಳೆಯ ಜಾತಿಯದು.

ಮೀನು ಬೆಕ್ಕೂ ತಿನ್ನಲಿಲ್ಲ. ಆಯಿಲನ್ನು ವಿನೆಗರಿನ ಬಾಟಲಿಯಲ್ಲಿ ತುಂಬಿಟ್ಟದ್ದು ನಾನೇ ಇರಬೇಕು. ನೆನಪು ಕೈಕೊಡುತ್ತಿದೆ. ಅಥವಾ ಗ್ಲೆನಿಸ್‌ಗೆ ಕೈಕೊಡುತ್ತಿದೆ. ಅವಳ ತಲೆ ಮೊದಲಿನಿಂದಲೂ ಸ್ವಲ್ಪ ಹಾಗೇ. ಹದಿನೆಂಟು ವರ್ಷದ ಹಿಂದೆ ನಾನು ಗೋಧಿ ಕಣಜದ ಏಣಿಯಿಂದ ಬಿದ್ದು ಅಡಿಲೇಡಿನ ಆಸ್ಪತ್ರೆಯಲ್ಲಿ ಹನ್ನೊಂದು ವಾರ ಮಲಗಿದ್ದಾಗ, ಪ್ರತಿ ಭಾನುವಾರ ಬಸ್ಸಿನಲ್ಲಿ ನೋಡಲು ಬರುತ್ತಿದ್ದಳು. ಕೂದಲು ಎರಡೂ ಕಡೆ ತಲೆಗೆ ಅಂಟಿಕೊಂಡಿರುತ್ತಿತ್ತು. ನರ್ಸಿಗೆ ಹೇಳಿದ್ದೆ: ಪಾಪ, ನನ್ನ ಚಿಂತೆಯಲ್ಲಿ ತಲೆ ಬಾಚಿಕೊಳ್ಳುವುದನ್ನೂ ಮರೆತಿದ್ದಾಳೆ.

ಫೆಬ್ರವರಿ 11, ಭಾನುವಾರ

ಮಾವಿಸ್ಸಿನ ಹೊಟ್ಟೆಯ ಗಾಜಿನ ಕಿಟಕಿಯಲ್ಲಿ ಆಯಿಲ್ ಎರಡು ಗೆರೆಗಳ ನಡುವೆ ಇದೆ. ಮೇಲಿನ ಗೆರೆಗಿಲ್ಲ. ನಡುವೆ.

ನೆಲ ಓರೆಯಿರಬೇಕೆಂದು ಬೈಕನ್ನು ನಾಲ್ಕು ಕಡೆ ನಿಲ್ಲಿಸಿ ನೋಡಿದೆ. ದಕ್ಷಿಣ ಆಸ್ಟ್ರೇಲಿಯಾದಲ್ಲಿ ಎಲ್ಲಿ ನಿಲ್ಲಿಸಿದರೂ ನಡುವೆಯೇ.

ಫೆಬ್ರವರಿ 13, ಮಂಗಳವಾರ

ಇನ್ನೂ ಇಳಿದಿದೆ. ಊಟ ಸೇರಲಿಲ್ಲ.

ಫೆಬ್ರವರಿ 16, ಶುಕ್ರವಾರ

ಪಬ್ಬಿನಲ್ಲಿ ಕಿಂಗ್ಸ್‌ಲಿಗೆ ಮಾತ್ರ ಗುಟ್ಟಾಗಿ ಹೇಳಿದೆ. ಕಿಂಗ್ಸ್‌ಲಿ ಹಾಕಿಂಗ್ ನನ್ನ ಮೂವತ್ತೈದು ವರ್ಷದ ಜೊತೆಗಾರ. ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ಇರುವುದು ಈ ಸಂಘ, ಒಂದು ಬೈಕು, ಒಂದು ಕಿವುಡು ನಾಯಿ.

"ಕಿಂಗ್, ಮಾವಿಸ್ ಕುಡಿಯೋಕೆ ಶುರು ಮಾಡಿದ್ದಾಳೆ."

ಬಿಯರ್ ಗಂಟಲಲ್ಲಿ ಸಿಕ್ಕಿ ಅವನು ಕೆಮ್ಮಿದ. ಕೆಮ್ಮು ನಿಂತ ಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಗ್ಲೆನಿಸ್ ಬರೋದು ಯಾವಾಗ?"

"ಗ್ಲೆನಿಸ್‌ಗೂ ಇದಕ್ಕೂ ಏನೋ ಸಂಬಂಧ?"

"ಏನಿಲ್ಲ ಮಾರಾಯ. ಸುಮ್ಮನೆ ಕೇಳಿದೆ. ಆಯಿಲ್ ಇಳಿದ್ರೆ ಹಾಕು, ಅಷ್ಟೇ ತಾನೆ? ಮಗೂಗೆ ಹಾಲು ಹಾಕಿದ ಹಾಗೆ."

"ಹಾಕೋದಾ? ನಲವತ್ತೊಂದು ವರ್ಷದಲ್ಲಿ, ಆಯಿಲ್ ಬದಲಿಸೋದು ಬಿಟ್ರೆ, ನಡುವೆ ಒಂದು ಹನಿ ಹಾಕಿಲ್ಲ ನಾನು!"

"ನೀನು ಹಾಕಿಲ್ಲ, ನಿಜ," ಅಂದ. ಆಮೇಲೆ ಮೇಜಿನ ಮೇಲಿನ ನೀರನ್ನು ಬೆರಳಿನಿಂದ ಎಳೆಯುತ್ತಾ, "ಬಿಡು ನೆವ್, ಆ ಹಲಗೆಯಲ್ಲಿ ಹೆಸರು ಬಂದು ಏನಾಗ್ಬೇಕು? ಹೆಸರು ಬಂದ ಇಬ್ರೂ ಸತ್ತೇ ಹೋದ್ರು."

ಆಪ್ತ ಅನ್ನಿಸಿಕೊಂಡವನ ಬಾಯಲ್ಲಿ ಬರುವ ಮಾತೇ ಇದು? ಹೊಟ್ಟೆಕಿಚ್ಚು ಎಂದು ದಾಖಲಿಸುತ್ತಿದ್ದೇನೆ.

ಫೆಬ್ರವರಿ 24, ಶನಿವಾರ

ಆಯಿಲ್ ಎಲ್ಲೋ ಸೋರುತ್ತಿರಬೇಕು ಎಂದು ಇವತ್ತು ಮಾವಿಸ್ಸಿನ ಹೊಟ್ಟೆಯ ಕೆಳಗೆ ಅಂಗಾತ ಮಲಗಿ, ವರ್ಷಗಟ್ಟಲೆಯ ಕಪ್ಪು ಜಿಡ್ಡನ್ನು ಬ್ರಶ್ಶಿನಿಂದ ಉಜ್ಜಿದೆ. ಮುದ್ರೆಯ ಹತ್ತಿರ ಬಂದಾಗ ಬ್ರಶ್ ಬಿಟ್ಟು ಹಳೆಯ ಬನಿಯನ್ ತೆಗೆದುಕೊಂಡೆ. ಬೊಟ್ಟುಗಳು ಒಂದೊಂದಾಗಿ ಹೊರಬಂದವು. ಒಡೆದಿಲ್ಲ, ಇಡೀ ಇವೆ.

ಆದರೆ ಹವಳದ ಬಣ್ಣ ಅಲ್ಲ. ನೇರಳೆ. ಪ್ಲಮ್ ಹಣ್ಣಿನ ಸಿಪ್ಪೆಯ ನೇರಳೆ.

ಈ ಬಣ್ಣ ನಾನು ನೋಡಿದ್ದೇನೆ. ಪ್ರತಿ ಬೇಸಿಗೆ, ಮೂಂಟಾ ಕೊಲ್ಲಿಯ ಮರಳಿನ ಮೇಲೆ, ನನ್ನ ಕುರ್ಚಿಯ ಪಕ್ಕದ ಕುರ್ಚಿಯಲ್ಲಿ. ಹತ್ತು ಬೆರಳಿನ ಮೇಲೆ.

ಅಂಗಾತ ಮಲಗಿದವನು ಬಹಳ ಹೊತ್ತು ಏಳಲಿಲ್ಲ. ಬೆನ್ನಿನ ನೋವಿನಿಂದ ಅಲ್ಲ.

ಫೆಬ್ರವರಿ 25, ಭಾನುವಾರ

ಕಿಂಗ್ಸ್‌ಲಿಯ ಮನೆಗೆ ನಡೆದೇ ಹೋದೆ. ಬಾಗಿಲು ತೆಗೆದವನು ನನ್ನ ಮುಖ ನೋಡಿ, "ಬಣ್ಣ ನೋಡಿಬಿಟ್ಯಾ?" ಅಂದ. ನಾನಿನ್ನೂ ಬಾಯಿ ತೆರೆದಿರಲಿಲ್ಲ.

"ಎರಡೂ ಒಂದೇ ಬಣ್ಣ ಅಂದ್ಕೊಂಡಿದ್ದೆ ಕಣೋ. ನನಗೆ ಕೆಂಪು, ನೇರಳೆ, ಹವಳ ಎಲ್ಲ ಒಂದೇ ಕಾಣೋದು, ನಿನಗೇ ಗೊತ್ತಲ್ಲ."

"ಯಾವಾಗ?"

"ನೀನು ಆಸ್ಪತ್ರೆಯಲ್ಲಿದ್ದಾಗ."

"ಎಲ್ಲಿ?"

"ನಿನ್ನ ಶೆಡ್ಡಲ್ಲಿ."

"ನೀನೂ ಗ್ಲೆನಿಸ್ಸೂ. ನನ್ನ ಶೆಡ್ಡಲ್ಲಿ. ನಾನು ಬೆನ್ನು ಮುರ್ಕೊಂಡು ಮಲಗಿದ್ದಾಗ."

"ಬಾಗಿಲು ತೆಗೆದೇ ಇತ್ತು ನೆವ್," ಅಂದ ಬೆವರೊರೆಸುತ್ತಾ. "ಉಳಿದದ್ದು ಅವಳನ್ನೇ ಕೇಳು. ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ."

ಹಿಂದಿರುಗುವಾಗ ದಾರಿಯುದ್ದಕ್ಕೂ ಯೋಚಿಸಿದೆ. ಗಂಡ ಆಸ್ಪತ್ರೆಯಲ್ಲಿ, ಹೆಂಡತಿಯೂ ಗೆಳೆಯನೂ ಶೆಡ್ಡಿನಲ್ಲಿ: ಇಂಥದ್ದು ಲೋಕದಲ್ಲಿ ನಡೆಯುತ್ತದೆ, ಅರ್ಥವಾಗುತ್ತದೆ, ದೊಡ್ಡ ಮನಸ್ಸಿನವರು ಕ್ಷಮಿಸಿದ್ದೂ ಉಂಟು. ಆದರೆ ಇಬ್ಬರೂ ಸೇರಿ ನನ್ನ ಎಂಜಿನ್ ಬಿಚ್ಚಿದರೇ? ಅದನ್ನು ಯಾವ ಮನಸ್ಸು ಕ್ಷಮಿಸಬೇಕು?

ಮಾರ್ಚ್ 2, ಶನಿವಾರ

ಗ್ಲೆನಿಸ್ ಬಂದಳು. ಚೀಲ ಇಳಿಸುವ ಮೊದಲೇ ಶೆಡ್ಡಿಗೆ ಕರೆದೊಯ್ದು ಟಾರ್ಚು ಹಾಕಿ ತೋರಿಸಿದೆ. ಬಗ್ಗಿ ನೋಡಿದಳು. ಅಳುತ್ತಾಳೆ ಅಂದುಕೊಂಡಿದ್ದೆ. "ಹದಿನೆಂಟು ವರ್ಷ ಆದ್ರೂ ಒಂದೂ ಎದ್ದಿಲ್ಲ ನೋಡು," ಅಂದಳು. "ಒಳ್ಳೇ ಕಂಪನಿದು."

"ಗ್ಲೆನಿಸ್ ಟ್ರೆಂಬಾತ್, ಇದು ನಗೋ ವಿಷಯ ಅಲ್ಲ."

"ನಗ್ತಾ ಇಲ್ಲ ನೆವಿಲ್. ಕೂತ್ಕೋ. ನಿಂತರೆ ನಿನ್ನ ಬೆನ್ನು ಹಿಡಿಯುತ್ತೆ."

ಅವಳು ಹೇಳಿದ್ದನ್ನು ಇದ್ದಂತೆ ಬರೆಯುತ್ತಿದ್ದೇನೆ, ಮುಂದೆ ವಿಚಾರಣೆಗೆ ಬೇಕಾಗಬಹುದು.

"ನೀನು ಬಿದ್ದ ವಾರ ನಮ್ಮ ಪಿಕಪ್ ಗಾಡಿ ಎಲ್ಲಿತ್ತು? ಅದರ ಗೇರ್‌ಬಾಕ್ಸ್ ನೀನೇ ಬಿಚ್ಚಿ ಎರಡು ಬಕೆಟ್ಟಲ್ಲಿ ಹಾಕಿಟ್ಟಿದ್ದೆ. ಭಾನುವಾರ ಮೂಂಟಾದಿಂದ ಅಡಿಲೇಡಿಗೆ ಬಸ್ಸೇ ಇರಲಿಲ್ಲ ಅನ್ನೋದು ಹದಿನೆಂಟು ವರ್ಷದಲ್ಲಿ ಒಂದು ಸಲವೂ ನಿನಗೆ ಹೊಳೀಲಿಲ್ವಾ? ಮಾವಿಸ್ ಮೇಲೆ ಬರ್ತಿದ್ದೆ."

"ನಿನಗೆ ಬೈಕ್ ಓಡಿಸೋಕೆ ಬರಲ್ಲ!"

"ಮದುವೆಗೆ ಮುಂಚೆಯಿಂದ ಬರುತ್ತೆ. ಅಪ್ಪನ ಹೊಲದಲ್ಲಿ ಕುರಿ ಅಟ್ಟಿದ್ದು ಬೈಕಲ್ಲೇ. ಲೈಸೆನ್ಸೂ ಇದೆ. ನೀನು ಕೇಳಲೇ ಇಲ್ಲ. ಹಿಂದೆ ಕೂತ್ಕೋ ಅಂದೆ, ಕೂತೆ."

ಆರನೆಯ ಭಾನುವಾರ ಆಸ್ಪತ್ರೆಯಿಂದ ಹಿಂದಿರುಗುವಾಗ, ಪೋರ್ಟ್ ವೇಕ್‌ಫೀಲ್ಡ್ ಹತ್ತಿರ, ಎಂಜಿನ್ನಿನ ಹೊಟ್ಟೆಯೊಳಗೆ ಯಾರೋ ಸುತ್ತಿಗೆಯಿಂದ ಬಡಿದಂತೆ ಸದ್ದು ಶುರುವಾಯಿತಂತೆ. ಬೈಕನ್ನು ಕೊಂದೆ ಅಂದುಕೊಂಡು ರಸ್ತೆ ಬದಿಯಲ್ಲಿ ಕೂತು ಅತ್ತಳಂತೆ. ಕಿಂಗ್ಸ್‌ಲಿ ಟ್ರೇಲರಿನಲ್ಲಿ ಹೇರಿಕೊಂಡು ಬಂದ. ಬಿಚ್ಚಿ ನೋಡಿದರೆ ಬೇರಿಂಗುಗಳು ತಾಮ್ರ ಕಾಣುವಷ್ಟು ಸವೆದಿದ್ದವು.

"ಆರು ಭಾನುವಾರದಲ್ಲಿ ಸವೆಯೋದಲ್ಲ ಅದು," ಅಂದಳು. "ವರ್ಷಗಳದ್ದು. ಆ ಸದ್ದು ನೀನೂ ಕೇಳಿದ್ದೆ. 'ಮಾವಿಸ್ ಹಾಡ್ತಾಳೆ' ಅಂತಿದ್ದೆ. ಬಿಚ್ಚಬಾರದು ಅನ್ನೋ ಒಂದೇ ಹಟಕ್ಕೆ ಅದನ್ನ ಸಾಯೋಕೆ ಬಿಟ್ಟಿದ್ದೆ ನೆವ್. ನೀನು ಹಾಸಿಗೆಯಲ್ಲಿ ಪ್ರತಿ ವಾರ ಕೇಳ್ತಿದ್ದದ್ದು ಒಂದೇ, ಮಾವಿಸ್ ಹ್ಯಾಗಿದ್ದಾಳೆ ಅಂತ. ಸತ್ತಳು ಅಂತ ಹ್ಯಾಗೆ ಹೇಳ್ಲಿ?"

"ಕಿಂಗ್ಸ್‌ಲಿ ನನ್ನ ಮುದ್ರೆ ಒಡೆದ."

"ಕಿಂಗ್ ದೀಪ ಹಿಡಿದ, ಬೈದ, ಟೀ ಕುಡಿದ. ಸ್ಪ್ಯಾನರ್ ಹಿಡಿದದ್ದು ನಾನು. ಅವನ ಬೆರಳು ಅಲ್ಲಿ ಹೋಗಲ್ಲ."

ಪಿಸ್ಟನ್ನಿನ ಹಳೆಯ ರಿಂಗುಗಳನ್ನೇ ಮತ್ತೆ ಹಾಕಿದ್ದರಿಂದ ಅಂದಿನಿಂದ ಮಾವಿಸ್ ಆಯಿಲ್ ಕುಡಿಯುತ್ತಾಳಂತೆ. ಗುರುವಾರ ನಾನು ಬೌಲ್ಸ್ ಆಡಲು ಹೋದಾಗ ಗ್ಲೆನಿಸ್ ವಿನೆಗರಿನ ಬಾಟಲಿ ತಂದು ಮೇಲಿನ ಗೆರೆಯವರೆಗೆ ತುಂಬಿಸಿಡುತ್ತಾಳಂತೆ. ಹದಿನೆಂಟು ವರ್ಷ. ಪ್ರತಿ ಗುರುವಾರ.

"ಹೋಗುವಾಗ ಹೇಳಿದ್ನಲ್ಲ? ಆಯಿಲ್ ಇಳಿದ್ರೆ ಗಾಬರಿಯಾಗ್ಬೇಡ, ಹಾಕು, ಬಂದು ಎಲ್ಲ ಹೇಳ್ತೀನಿ ಅಂತ. ಚೈನ್ ಒರೆಸ್ತಿದ್ದೆ ನೀನು."

ಕೊನೆಯ ಪೆಟ್ಟು ಕೇಳು, ಡೈರಿಯೇ. ನನಗೆ ಗೊತ್ತಾಗದಿರಲೆಂದು ಅವಳು ಓಡಿಸುವಾಗಲೆಲ್ಲ ಮೀಟರಿನ ಕೇಬಲ್ಲು ಕಳಚಿಡುತ್ತಿದ್ದಳು. ಮೂರು ಸಾವಿರ ಕಿಲೋಮೀಟರು ಲೆಕ್ಕಕ್ಕೇ ಬಂದಿಲ್ಲ. ಅಂದರೆ ಐದು ಲಕ್ಷ ಆಗಲೇ ಆಗಿಹೋಗಿದೆ. ಬಹುಶಃ ಕ್ರಿಸ್‌ಮಸ್ಸಿಗೆ ಮುಂಚೆ, ವಾಲರೂದಿಂದ ನಾನು ಮೀನು ತರುತ್ತಿದ್ದಾಗ.

ಬಿಚ್ಚದ ಎಂಜಿನ್ನೂ ಇಲ್ಲ. ಬರಬೇಕಾದ ಐದು ಲಕ್ಷವೂ ಇಲ್ಲ. ಇದ್ದದ್ದು ಮೀನಿನ ಪೊಟ್ಟಣ.

ಮಾರ್ಚ್ 3, ಭಾನುವಾರ

ಶೆಡ್ಡಿನಲ್ಲಿ ಮಲಗುತ್ತಿದ್ದೇನೆ. ಮಾವಿಸ್ ಕಡೆಗೆ ಬೆನ್ನು ಮಾಡಿ.

ಮಾರ್ಚ್ 10, ಭಾನುವಾರ

ಊಟ ಬಾಗಿಲಿಗೆ ಬರುತ್ತದೆ. ಇವತ್ತು ಪೇಸ್ಟಿ, ಮಾಂಸ ಆಲೂಗಡ್ಡೆ ತುಂಬಿ ಬೇಯಿಸಿದ ಕಡುಬು. ನಮ್ಮಲ್ಲಿ ಪೇಸ್ಟಿಯ ಒಂದು ಮೂಲೆಯಲ್ಲಿ ತಿನ್ನುವವನ ಹೆಸರಿನ ಮೊದಲ ಅಕ್ಷರವನ್ನು ಹಿಟ್ಟಿನಲ್ಲೇ ಮಾಡಿ ಅಂಟಿಸುತ್ತಾರೆ, ಗಣಿಯಲ್ಲಿ ಅದಲುಬದಲಾಗದಿರಲೆಂದು ಮುತ್ತಜ್ಜಂದಿರು ಮಾಡಿಕೊಂಡ ಏರ್ಪಾಡು. ಮದುವೆಯಾದಾಗಿನಿಂದ ನನ್ನ ಅಕ್ಷರ ತಪ್ಪಿರಲಿಲ್ಲ. ಇವತ್ತು ಅಕ್ಷರ ಇಲ್ಲ. ಯಾರಾದರೂ ತಿನ್ನಬಹುದಾದ ಪೇಸ್ಟಿ.

ದ್ರೋಹ ಮಾಡಿದವರು ಅವರು, ಕೋಪವೂ ಅವರಿಗೇ! ತಿಂದೆ. ರುಚಿಯಾಗಿತ್ತು, ಅದು ಬೇರೆ ವಿಷಯ.

ಹಲಗೆಗೋಸ್ಕರ ಒಂದು ಭಾಷಣ ಬರೆಯುತ್ತಿದ್ದೇನೆ. ಪರೀಕ್ಷೆಯ ದಿನ ಎಲ್ಲರೆದುರು ಇಬ್ಬರ ಹೆಸರನ್ನೂ ಹೇಳುವೆ. 'ದ್ರೋಹ' ಎಂಬ ಶಬ್ದ ಮೂರು ಕಡೆ ಬರುತ್ತದೆ. ಕಿಂಗ್ಸ್‌ಲಿ ಸಂಘದಿಂದ ಹೊರಗೆ. ಆಮೇಲೆ ಶುಕ್ರವಾರಗಳಂದು ಅವನು ಕಿವುಡು ನಾಯಿಯ ಜೊತೆ ಮಾತಾಡಿಕೊಂಡಿರಲಿ.

ಮಾರ್ಚ್ 18, ಸೋಮವಾರ

ಭಾಷಣ ಮುಂದುವರಿಯುತ್ತಿಲ್ಲ. ಕೆಲವು ವಿವರ ಬೇಕಿತ್ತು. ಅಡುಗೆಮನೆಯ ಕಿಟಕಿಯ ಹೊರಗೆ ನಿಂತು, ಮಾತು ಬಿಟ್ಟವನ ಗಾಂಭೀರ್ಯ ಕೆಡದಂತೆ ಕೇಳಿದೆ:

"ಅಡಿಲೇಡ್ ದಾರಿಯಲ್ಲಿ, ಕುಲ್ಪಾರಾ ಇಳಿಜಾರಿನಲ್ಲಿ ಅಡ್ಡಗಾಳಿ ಹೊಡೆದಾಗ ಏನ್ಮಾಡ್ತಿದ್ದೆ?"

"ಮೊಣಕಾಲು ಟ್ಯಾಂಕಿಗೆ ಒತ್ತಿ, ಕೈ ಸಡಿಲ ಬಿಡ್ತಿದ್ದೆ. ನೀನು ಹ್ಯಾಂಡಲ್ ಜೊತೆ ಜಗಳ ಆಡ್ತೀಯ."

"ಮಳೆ ಬಂದಿತ್ತಾ?"

"ಮೂರು ಭಾನುವಾರ. ವಾರ್ಡಿಗೆ ಬರೋ ಮುಂಚೆ ಟಾಯ್ಲೆಟ್ಟಲ್ಲಿ ಕೈ ಒಣಗಿಸೋ ಮಷೀನಿನ ಕೆಳಗೆ ನಿಂತು ಪ್ಯಾಂಟು ಒಣಗಿಸಿಕೊಂಡೆ. ಒಬ್ಬ ಪಾದ್ರಿ ನೋಡಿ ಹೆದರಿ ಓಡಿದ."

ನಾನು ನಗಲಿಲ್ಲ. ಶೆಡ್ಡಿಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಏನಾಯಿತು ಅನ್ನುವುದು ಇಲ್ಲಿ ಅಪ್ರಸ್ತುತ.

ಅವಳ ಬಲ ಮಂಡಿ ಮೆಟ್ಟಿಲು ಇಳಿಯುವಾಗ ಕಟಕಟ ಅನ್ನುತ್ತದೆ, ಎಡದ್ದು ಅನ್ನುವುದಿಲ್ಲ. ಯಾವಾಗಿನಿಂದಲೋ. ಡಾಕ್ಟರಿಗೆ ತೋರಿಸು ಅಂದೆ. "ಹಾಡ್ತಿದೆ ಬಿಡು," ಅಂದಳು.

ಮಾವಿಸ್ಸಿನ ಆಯಿಲ್ ನೋಡಲು ಇವತ್ತು ಮರೆತೆ.

ಮಾರ್ಚ್ 30, ಈಸ್ಟರ್ ಶನಿವಾರ

ಪಬ್ಬಿನ ಅಂಗಳದಲ್ಲಿ ಇಡೀ ಸಂಘ ಸೇರಿತ್ತು. ಮಿಸೆಸ್ ಪೆನ್ರೋಸರಿಗೆ ಎಂಬತ್ತನಾಲ್ಕು. ಅವರಿಗೆ ಕುರ್ಚಿ, ಮಾವಿಸ್ಸಿಗೆ ಮರದ ಅಟ್ಟಣಿಗೆ. ಸೋಮವಾರ ಮೀಟರು ತಿರುಗುವುದೆಂದು ಪರೀಕ್ಷೆಯನ್ನು ಮೊದಲೇ ಇಟ್ಟುಕೊಂಡದ್ದು. ಜೇಬಿನಲ್ಲಿ ನನ್ನ ಭಾಷಣ. ಎದುರಿಗೆ ಕಿಂಗ್ಸ್‌ಲಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಶವಸಂಸ್ಕಾರಕ್ಕೆ ಬಂದವನ ಹಾಗೆ.

ಮಿಸೆಸ್ ಪೆನ್ರೋಸ್ ಟಾರ್ಚು ಹಿಡಿದು, ಭೂತಗನ್ನಡಿ ಹಿಡಿದು, ಬಗ್ಗಿ ಬಹಳ ಹೊತ್ತು ನೋಡಿದರು.

"ನೆವಿಲ್, ಮಗನೇ, ನನ್ನ ಕಣ್ಣಿಗೆ ಪೊರೆ ಬಂದಿದೆ. ನನಗೆ ಕಾಣ್ತಿರೋದು ಒಂದು ಮಬ್ಬು. ಮಬ್ಬು ಚೆನ್ನಾಗಿದೆ. ನೀನೇ ಹೇಳಿಬಿಡು, ಇದು ನನ್ನ ಮುದ್ರೆ ತಾನೆ?"

ಹೌದು ಅಂದಿದ್ದರೆ ಮುಗಿಯುತ್ತಿತ್ತು. ಹಲಗೆಯ ಮೇಲೆ ಮೂರನೆಯ ಹೆಸರು. ಭಾಷಣ ಓದಿದ್ದರೂ ಮುಗಿಯುತ್ತಿತ್ತು.

"ಅಲ್ಲ, ಮಿಸೆಸ್ ಪೆನ್ರೋಸ್. ಎಂಜಿನ್ ಬಿಚ್ಚಿ ಆಗಿದೆ."

ಅವರು ಭೂತಗನ್ನಡಿಯನ್ನು ಮಡಿಲಲ್ಲಿಟ್ಟರು. "ಯಾರು ಬಿಚ್ಚಿದ್ದು?"

"ನಾನೇ."

ಯಾಕೆ ಹಾಗಂದೆನೋ ತಿಳಿಯದು. ಬಿಸಿಲು ಜಾಸ್ತಿಯಿತ್ತು. ಕಿಂಗ್ಸ್‌ಲಿಯ ಅಂಗಿಯೂ ಇಸ್ತ್ರಿ ತಗುಲಿ ಒಂದು ಕಡೆ ಸುಟ್ಟಿತ್ತು, ಅದನ್ನು ನೋಡುತ್ತಿದ್ದೆ.

"ಇವನಾ?" ಹಿಂದಿನಿಂದ ಗ್ಲೆನಿಸ್‌ಳ ದನಿ. ಪೇಸ್ಟಿಯ ತಟ್ಟೆ ಹಿಡಿದು ಜನರ ನಡುವೆ ದಾರಿ ಮಾಡಿಕೊಂಡು ಬಂದಳು. "ಇವನು ಬಕೆಟ್ಟಿಗೆ ಹಾಕಿದ ಗೇರ್‌ಬಾಕ್ಸ್ ಇವತ್ತಿಗೂ ಬಕೆಟ್ಟಲ್ಲೇ ಇದೆ. ಬಿಚ್ಚಿದ್ದು ನಾನು. ಜೋಡಿಸಿದ್ದೂ ನಾನು."

"ಇನ್ನೊಬ್ಬರ ಮುದ್ರೆ ಒಡೆದವರು ಸಂಘದಿಂದ ಹೊರಗೆ!" ಎಂದು ಯಾರೋ ಕೂಗಿದರು.

"ಅವಳನ್ನ ಯಾವತ್ತು ಸೇರಿಸಿದ್ದೀವಿ, ಹೊರಗೆ ಹಾಕೋಕೆ?" ಅಂದರು ಮಿಸೆಸ್ ಪೆನ್ರೋಸ್.

"ಮೊದ್ಲು ಸೇರಿಸೋಣ, ಆಮೇಲೆ ಹಾಕೋಣ!"

"ಬಾಯ್ಮುಚ್ಚು." ಅವರು ಗ್ಲೆನಿಸ್‌ಳ ಕೈ ಹುಡುಕಿ ಹಿಡಿದುಕೊಂಡರು. ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. "ಬಿಚ್ಚಿ ಎಷ್ಟು ವರ್ಷ ಆಯ್ತಮ್ಮಾ?"

"ಹದಿನೆಂಟು."

"ಇನ್ನೂ ಓಡ್ತಿದೆಯಾ?"

"ಓಡ್ತಿದೆ."

ಅವರು ಟಾರ್ಚು ಆರಿಸಿದರು. "ಗಂಡ ಹೆಂಡತಿ ಇಬ್ಬರೂ ಟಾಯ್ಲೆಟ್ ಮೇಜಿಗೆ. ಪೇಸ್ಟಿ ಇಲ್ಲೇ ಇಟ್ಟು ಹೋಗಿ."

ದೀಪ ಹಿಡಿದದ್ದು ಯಾರೆಂದು ಯಾರೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಕಿಂಗ್ಸ್‌ಲಿ ತನ್ನ ಬಿಯರ್ ಎತ್ತಿಕೊಂಡು ನಮ್ಮ ಮೇಜಿಗೆ ಬಂದು ಕೂತ.

"ನಿನ್ನ ಎಂಜಿನ್ ಬಿಚ್ಚಿಲ್ಲವಲ್ಲೋ. ಇಲ್ಲೇನು ಕೆಲಸ?"

"ವಯಸ್ಸಾಯ್ತು ನೆವ್. ಇಲ್ಲಿಂದ ಟಾಯ್ಲೆಟ್ಟು ಹತ್ರ."

ಅವನ ಜೊತೆ ನಾನಿನ್ನೂ ಮಾತು ಬಿಟ್ಟಿದ್ದೇನೆ. ಸಂಜೆಯವರೆಗೂ ಅದನ್ನೇ ಅವನಿಗೆ ಹೇಳುತ್ತಿದ್ದೆ.

ಏಪ್ರಿಲ್ 1, ಈಸ್ಟರ್ ಸೋಮವಾರ

ಶೆಡ್ಡಿನ ಹಾಸಿಗೆಯಿಂದಾಗಿ ಬೆನ್ನು ಹಿಡಿದಿದೆ. ಮೀಟರು 99,986. ನನ್ನ ಲೆಕ್ಕವೇ ಸುಳ್ಳಾದ ಮೇಲೆ ಅದು ತಿರುಗಿದರೆಷ್ಟು, ಬಿಟ್ಟರೆಷ್ಟು ಎಂದು ಕೂತಿದ್ದೆ. ಗ್ಲೆನಿಸ್ ಶೆಡ್ಡಿನ ಬಾಗಿಲಲ್ಲಿ ನಿಂತು ಏನೋ ಹೇಳಿದಳು. ಕೇಳಿಸಿತು.

"ಹಿಂದೆ ಕೂತ್ಕೋ," ಅಂದಳು.

ಕೂತೆ. ನಲವತ್ತೊಂದು ವರ್ಷದಲ್ಲಿ ಆ ಸೀಟಿನ ಹಿಂಭಾಗ ಎಷ್ಟು ಗಟ್ಟಿ ಎಂದು ಯಾರೂ ನನಗೆ ತಿಳಿಸಿರಲಿಲ್ಲ. ವಾಲರೂ ದಾರಿಯಲ್ಲಿ, ಅವಳ ಹೆಗಲ ಮೇಲಿಂದ ಮೀಟರು ನೋಡುತ್ತಾ ಹೋಗಬೇಕೆಂದಿದ್ದೆ. ಆದರೆ ಸಮುದ್ರದ ಕಡೆಯಿಂದ ಅಡ್ಡಗಾಳಿ ಹೊಡೆಯಿತು. ಅವಳು ಮೊಣಕಾಲು ಟ್ಯಾಂಕಿಗೆ ಒತ್ತಿ, ಕೈ ಸಡಿಲ ಬಿಟ್ಟಳು. ಬೈಕು ತಾನಾಗಿಯೇ ಸರಿಹೋಯಿತು. ಅದು ಹೇಗೆ ಎಂದು ಗಮನಿಸುತ್ತಾ ಇದ್ದುಬಿಟ್ಟೆ.

ವಾಲರೂದ ಕಡಲ ಕಟ್ಟೆಯ ಹತ್ತಿರ ಇಳಿದು ನೋಡಿದರೆ ಮೀಟರು 00003. ಮತ್ತೆ ತಪ್ಪಿಹೋಗಿತ್ತು.

ಗ್ಲೆನಿಸ್ ಹೆಲ್ಮೆಟ್ ತೆಗೆದಳು. ಕೂದಲು ಎರಡೂ ಕಡೆ ತಲೆಗೆ ಅಂಟಿಕೊಂಡಿತ್ತು.

ಈ ತಲೆಯನ್ನು ನಾನು ನೋಡಿದ್ದೇನೆ. ಹನ್ನೊಂದು ಭಾನುವಾರ, ವಾರ್ಡಿನ ಬಾಗಿಲಲ್ಲಿ.

ಮೀನು ತಂದು ತಿಂದೆವು. ವಿನೆಗರ್ ವಿನೆಗರೇ ಆಗಿತ್ತು. ಮನೆಗೆ ಬಂದ ಮೇಲೆ ಅವಳು ಆ ಇನ್ನೊಂದು ಬಾಟಲಿ ತಂದು ನನ್ನ ಕೈಗೆ ಕೊಟ್ಟಳು, ನಾನು ಸುರಿದೆ, ಅವಳು ಗಾಜಿನ ಕಿಟಕಿಗೆ ಕಣ್ಣಿಟ್ಟು ಸಾಕು ಅಂದಳು.

ಇನ್ನೊಂದನ್ನು ದಾಖಲಿಸಲೇಬೇಕು. ನನ್ನ ಕೈಯಲ್ಲಿ ಮಾವಿಸ್ ಎರಡನೆಯ ಗೇರಿಗೆ ಬಿದ್ದಾಗಲೆಲ್ಲ ಕೆಮ್ಮುತ್ತಾಳೆ, ಮೊದಲ ದಿನದಿಂದಲೂ. ಅದು ಅವಳ ಸ್ವಭಾವ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಇವತ್ತು ಹೋಗಿಬರುವ ತನಕ, ಗ್ಲೆನಿಸ್‌ಳ ಕೈಯಲ್ಲಿ, ಒಂದೇ ಒಂದು ಸಲವೂ ಕೆಮ್ಮಲಿಲ್ಲ.

ದ್ರೋಹಿ.